ಸಹಾಯ ಬೇಕು: ನಮ್ಮ ಹಿತ್ತಲಿನ ಸಣ್ಣ ಸಂಗತಿಗಳಲ್ಲಿ ಮಕ್ಕಳಿಗೆ ಪಾಠ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬೇಳದ ಕಡೆಯವಳು. ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕನ್ನಡದಲ್ಲಿ ಕ್ರೈಸ್ತ ಶಿಕ್ಷಣ ಹೇಳಿಕೊಡುತ್ತೇನೆ.

ಹೋದ ವಾರ ಬೈಬಲಿನ ಜ್ಞಾನೋಕ್ತಿ 6:6 ಓದಿಸಿದೆ, ಇರುವೆಯನ್ನು ನೋಡಿ ಕಲಿಯಿರಿ ಅನ್ನುವ ಮಾತು. ಸುಮ್ನೆ ಓದಿದರೆ ಸಾಲದು ಅನ್ನಿಸಿ ಗೇರು ಮರದ ಹತ್ತಿರ ಕರೆದುಕೊಂಡು ಹೋದೆ. ಚಗಳಿ ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹತ್ತಿರ ಎಳೆದು ಹಿಡಿದಿದ್ದವು. ಇನ್ನು ಕೆಲವು ಬಾಯಲ್ಲಿ ತಮ್ಮ ಬಿಳಿ ಮರಿಹುಳುಗಳನ್ನು ಕಚ್ಚಿಕೊಂಡು ಆಚೆಗೊಮ್ಮೆ ಈಚೆಗೊಮ್ಮೆ ಮುಟ್ಟಿಸುತ್ತಿದ್ದವು. ಎಲೆ ಹೊಲಿಯುವ ನೂಲು ಬರುವುದು ಆ ಮರಿಗಳಿಂದಲೇ! ದೊಡ್ಡ ಇರುವೆಗಳಿಗೆ ನೂಲು ತೆಗೆಯಲು ಬರುವುದಿಲ್ಲ. ದೊಡ್ಡವರ ಕೈಲಾಗದ್ದು ಚಿಕ್ಕವರಿಂದ ಆಗುತ್ತದೆ ಅನ್ನಲು, ಐದು ಜವೆಗೋಧಿ ರೊಟ್ಟಿ ಕೊಟ್ಟ ಹುಡುಗನ ಕತೆ (ಯೋಹಾನ 6:9) ಆಗ ಹೇಳಿದೆ. ಒಬ್ಬ ಮಗುವೂ ಅಲುಗಾಡಲಿಲ್ಲ.

ಈಗ ಮಕ್ಕಳು ಪ್ರತಿ ವಾರ ಹೊರಗೆ ಹೋಗೋಣ ಅನ್ನುತ್ತಿದ್ದಾರೆ. ಬೈಬಲಿನಲ್ಲಿ ಬರುವ ಅಂಜೂರ, ದ್ರಾಕ್ಷಿಬಳ್ಳಿ ನಮ್ಮಲ್ಲಿ ಎಲ್ಲಿವೆ ಹೇಳಿ? ಸಾಸಿವೆಯೂ ಒಗ್ಗರಣೆ ಡಬ್ಬಿಯಲ್ಲಿ ಮಾತ್ರ ಅಲ್ವಾ. ಅಡಿಕೆ ತೋಟ, ಮುಟ್ಟಿದರೆ ಮುನಿ, ಸುರಂಗದಲ್ಲಿ (ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದದ್ದು) ಜಿನುಗುವ ನೀರು, ಮಳೆಗಾಲದ ಪಾಚಿ, ಇಂಥವುಗಳಿಂದ ಏನು ಹೇಳಬಹುದು? ನೀವು ಕಣ್ಣಾರೆ ನೋಡಿದ್ದನ್ನೇ ಬರೆಯಿರಿ, ಜೊತೆಗೆ ಹೊಂದುವ ವಚನವೂ ಇರಲಿ. ಎಳೆದು ತಂದು ಜೋಡಿಸಿದ ಪಾಠ ಬೇಡ, ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಎಂಟರಿಂದ ಹನ್ನೆರಡು ವರ್ಷದವರು, ಹದಿನಾಲ್ಕು ಮಕ್ಕಳು. ಶನಿವಾರ ಸಂಜೆಯೊಳಗೆ ಒಂದಾದರೂ ಸಿಕ್ಕಿದರೆ ತುಂಬಾ ಉಪಕಾರ.