ನಮ್ಮ ನಾಯಿ ಯಾವಾಗ್ಲೂ ಮೈಗೆ ಅಂಟಿಕೊಂಡೇ ಇರುತ್ತದೆ, ಯಾಕೆ?

ತೋಟದಮನೆ ಸೊಸೆ (ಸೋಮವಾರಪೇಟೆ):
ನಮ್ಮನೆಯಲ್ಲಿ ಲ್ಯಾಬ್ರಡಾರ್ ಮಿಕ್ಸ್ ಗಂಡು ನಾಯಿ ಇದ್ದಾನೆ, ಹೆಸರು ಕರಿಯ, ನಾಲ್ಕು ವರ್ಷ. ಊಟ, ಓಡಾಟ ಎಲ್ಲ ಸರಿಯಾಗಿದೆ. ಆದರೆ ನಾನೆಲ್ಲಿ ಕೂತರೂ ಬಂದು ನನ್ನ ಪಾದದ ಮೇಲೇ ಕೂರುತ್ತಾನೆ. ನಿಂತಿದ್ದರೆ ಕಾಲಿಗೆ ಪೂರ್ತಿ ಭಾರ ಬಿಟ್ಟು ಒರಗುತ್ತಾನೆ, ನಾನು ಸರಿದರೆ ಬಿದ್ದೇ ಹೋಗಬೇಕು, ಹಾಗೆ. ಮೆಣಸು ಒಣಗಿಸುವಾಗ ಅಷ್ಟು ದೊಡ್ಡ ಕಣ ಖಾಲಿ ಇದ್ದರೂ ನನ್ನ ಸೊಂಟಕ್ಕೆ ಬೆನ್ನು ತಾಗಿಸಿಯೇ ಮಲಗಬೇಕು ಅವನಿಗೆ. ಚಳಿಗೆ ಬರ್ತಾನೆ ಅಷ್ಟೇ ಅಂತಾರೆ ಅತ್ತೆ. ಮಾವ ಹೇಳೋದು, ನೀನು ಮುದ್ದು ಜಾಸ್ತಿ ಮಾಡಿದ್ದೀಯ, ಈಗ ಅವನೇ ಯಜಮಾನ ಆಗೋಕೆ ನೋಡ್ತಿದ್ದಾನೆ ಅಂತ. ಸುಡುಬಿಸಿಲಲ್ಲೂ ಹೀಗೇ ಮಾಡ್ತಾನಲ್ಲ, ಚಳಿ ಎಲ್ಲಿಂದ ಬಂತು?

ನಾಪೋಕ್ಲು ಬೋಪಣ್ಣನ ಮನೆಪಕ್ಕ:
ಅಕ್ಕ, ನಿಮ್ಮ ಮಾವನ ಮಾತನ್ನು ಮೊದಲು ಬಿಡಿ. ಯಜಮಾನಿಕೆಯ ಈ ಕತೆ ಶುರುವಾಗಿದ್ದು 1947ರಲ್ಲಿ, ರುಡಾಲ್ಫ್ ಶೆಂಕೆಲ್ ಅನ್ನುವವರು ಮೃಗಾಲಯದಲ್ಲಿ ಕೂಡಿ ಹಾಕಿದ್ದ ತೋಳಗಳು ಯಜಮಾನಿಕೆಗೆ ಕಾದಾಡೋದನ್ನು ನೋಡಿ ಬರೆದಿದ್ದರಿಂದ. ಆಮೇಲೆ ಅದನ್ನೇ ಜನಪ್ರಿಯ ಮಾಡಿದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ ಬರೆದರು, ಕಾಡಿನ ತೋಳದ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳು, ಅಲ್ಲಿ ಯಜಮಾನಿಕೆಗೆ ಕಾದಾಟ ಅಪರೂಪ ಅಂತ. ಒರಗಿ ನಿಂತ ಮಾತ್ರಕ್ಕೆ ಯಾವ ನಾಯಿಯೂ ತೋಟ ಬರೆಸಿಕೊಳ್ಳಲ್ಲ. ಇನ್ನೊಬ್ಬರು ನಿಮ್ಮ ಹತ್ತಿರ ಬಂದಾಗ ಮೈ ಬಿಗಿ ಮಾಡಿ ಗುರ್ ಅಂದರೆ ಅದು ಬೇರೆ ವಿಷಯ, ಅದಕ್ಕೆ ತರಬೇತಿ ಬೇಕು.

ಅತ್ತೆ ಹೇಳಿದ್ದರಲ್ಲಿ ಮಾತ್ರ ಅರ್ಧ ಸತ್ಯ ಇದೆ. ಹುಟ್ಟಿದ ಮರಿಗೆ ಕಣ್ಣು ಕಾಣಲ್ಲ, ಕಿವಿ ಕೇಳಲ್ಲ, ಮೊದಲ ಎರಡು ವಾರ ತನ್ನ ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳೋಕೂ ಬರಲ್ಲ. ತಾಯಿ ಹೊಟ್ಟೆಗೆ ಅಂಟಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡೇ ಬದುಕಬೇಕು. ಮೈ ತಾಗಿದರೆ ಭಯ ಇಲ್ಲ ಅನ್ನೋದು ಅಲ್ಲೇ ಕೂರುತ್ತೆ. ದೊಡ್ಡದಾದ ಮೇಲೆ ಚಳಿ ಬೇಕಾಗಿಲ್ಲ, ಅಭ್ಯಾಸ ಉಳಿಯುತ್ತೆ.

ವಿರಾಜಪೇಟೆ ಮೇಷ್ಟ್ರು:
ಇದಕ್ಕೆ ಇನ್ನೊಂದು ಸೇರಿಸ್ತೀನಿ. ಜಪಾನಿನ ಅಜಾಬು ವಿಶ್ವವಿದ್ಯಾಲಯದವರು 2015ರಲ್ಲಿ ನಾಯಿ ಮತ್ತು ಯಜಮಾನರ ಮೂತ್ರದಲ್ಲಿ ಆಕ್ಸಿಟೋಸಿನ್ ಅಳೆದರು. ತಾಯಿಗೆ ಮಗುವಿನ ಮೇಲೆ ಅಕ್ಕರೆ ಬರಿಸೋದರಲ್ಲಿ ಈ ಹಾರ್ಮೋನ್ ಪಾಲಿದೆ. ಒಬ್ಬರನ್ನೊಬ್ಬರು ಜಾಸ್ತಿ ಹೊತ್ತು ನೋಡುತ್ತಿದ್ದ ಜೋಡಿಗಳಲ್ಲಿ ಎರಡೂ ಕಡೆ ಅದು ಏರಿತ್ತು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಎರಿಕಾ ಫಾಯರ್‌ಬಾಕರ್ ಮತ್ತು ಕ್ಲೈವ್ ವಿನ್ ಇನ್ನೊಂದು ನೋಡಿದರು. ಒಬ್ಬರು ಸುಮ್ನೆ ಹೊಗಳ್ತಾರೆ, ಇನ್ನೊಬ್ಬರು ಸವರ್ತಾರೆ, ನಾಯಿ ಯಾರ ಹತ್ತಿರ ಇರುತ್ತೆ ಅಂತ. ಸವರುವವರ ಹತ್ತಿರವೇ. ಬರೀ ಹೊಗಳಿಕೆಗೆ ಅವು ಕ್ಯಾರೇ ಅನ್ನಲಿಲ್ಲ!

ಈಗ ನೀವೇ ಹೇಳಿ, ಕರಿಯ ಒರಗಿದ ತಕ್ಷಣ ನಿಮ್ಮ ಕೈ ಎಲ್ಲಿಗೆ ಹೋಗುತ್ತೆ? ಅವನ ತಲೆಗೇ ಅಲ್ವಾ? ಒರಗಿದರೆ ಸವರ್ತಾರೆ ಅಂತ ಅವನು ಕಲಿತಿದ್ದಾನೆ, ಅಷ್ಟೇ.

ಗೋಣಿಕೊಪ್ಪ ಕಾಫಿಪುಡಿ:
ಎಲ್ಲ ನಾಯಿಗೂ ಇಷ್ಟ ಅಂದುಕೊಳ್ಳಬೇಡಿ ಮಾರಾಯ್ರೇ. ನಮ್ಮ ತೋಟದ ಕಾವಲು ನಾಯಿ ಒಂದು ಗಜ ದೂರ ಕೂರುತ್ತೆ, ಆದರೆ ನಾನು ಹೋದಲ್ಲೆಲ್ಲ ಬರುತ್ತೆ. ಅದೂ ಪ್ರೀತಿಯೇ. ಕುತ್ತಿಗೆಗೆ ಕೈ ಹಾಕಿ ತಬ್ಬಿದರೆ ಮುಖ ಆ ಕಡೆ ತಿರುಗಿಸಿ, ತುಟಿ ನೆಕ್ಕಿ, ಆಕಳಿಸುತ್ತೆ. ಬೇಡ ಅನ್ನೋದು ಹಾಗೇ. ಸವರೋದನ್ನು ನಿಲ್ಲಿಸಿ ನೋಡಿ. ಮೂಗಿನಿಂದ ಕೈ ತಳ್ಳಿ ಇನ್ನೂ ಮಾಡು ಅಂದರೆ ಸರಿ, ಎದ್ದು ಹೋದರೆ ಬಿಟ್ಟುಬಿಡಿ.

ಮುಖ್ಯ ಏನಪ್ಪಾ ಅಂದ್ರೆ, ಮೊದಲಿಂದಲೂ ಹೀಗೇ ಇದ್ದಾನಾ ಅಥವಾ ಈಚೆಗೆ ಶುರುವಾಗಿದ್ದಾ? ಇದ್ದಕ್ಕಿದ್ದಂತೆ ಅಂಟಿಕೊಂಡರೆ ನೋವು, ಜ್ವರ, ಕಣ್ಣು ಮಂಜಾಗೋದು, ಕಿವಿ ಮಂದ ಆಗೋದು, ಏನು ಬೇಕಾದರೂ ಇರಬಹುದು. ಸಿಡಿಲು ಗುಡುಗಿಗೂ ಬಂದು ಅಂಟುತ್ತವೆ. ರಾತ್ರಿ ಅಡುಗೆಮನೆ ಬಾಗಿಲಿಗೆ ಒತ್ತಿಕೊಂಡು ನಡುಗಿದರೆ ಚಿರತೆ ಓಡಾಡ್ತಿರಬಹುದು, ಒಳಗೆ ಕರ್ಕೊಳ್ಳಿ, ಆಚೆ ಟಾರ್ಚ್ ಹಿಡಿದು ಹೋಗಬೇಡಿ.

ತೋಟದಮನೆ ಸೊಸೆ:
ಮರಿಯಿಂದಲೂ ಹೀಗೇ, ಮೇಷ್ಟ್ರು ಹೇಳಿದ ಹಾಗೆ ಕೈ ತಾನಾಗಿ ಹೋಗುತ್ತೆ, ಒಪ್ಪಿದೆ. ಈಗ ಹಾಸಿಗೆಗೂ ಬರೋಕೆ ಶುರು ಮಾಡಿದ್ದಾನೆ. ಬಿಡಬಹುದಾ?

ನಾಪೋಕ್ಲು ಬೋಪಣ್ಣನ ಮನೆಪಕ್ಕ:
ಮಳೆಗಾಲದಲ್ಲಿ ಬೇಡ. ತೋಟದಿಂದ ಬಂದವನ ಕಿವಿಯೊಳಗೆ, ಬೆರಳ ಸಂದಿನಲ್ಲಿ ಉಣುಗು ಹುಡುಕಿ ತೆಗೆಯಿರಿ, ಟಿಕ್ ಫೀವರ್ ಬಂದರೆ ಕಷ್ಟ. ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಸೋರಿ ಹೊದಿಕೆ ಹಾಳು ಬೇರೆ. ಮಂಚದ ಪಕ್ಕ ಗೋಣಿಚೀಲ ಮಡಚಿ ಹಾಕಿ, ನಿಮ್ಮ ಹಳೇ ನೈಟಿ ಮೇಲೆ ಹಾಸಿ. ನಿಮ್ಮ ವಾಸನೆ ಇದ್ದರೆ ಮಲಗ್ತಾನೆ.

ಗೋಣಿಕೊಪ್ಪ ಕಾಫಿಪುಡಿ:
ನಮ್ಮದು ಹಾಸಿಗೆ ಮೇಲೇ ಮಲಗೋದು, ನಾನು ಗೋಣಿಚೀಲದ ಮೇಲೆ 😄