ಎಂ8 ಟ್ಯಾಪಿಗೆ ಎಷ್ಟು ಎಂಎಂ ಡ್ರಿಲ್ ಹಾಕಬೇಕು?

ಪ್ರಶ್ನೆ (ತೀರ್ಥಹಳ್ಳಿ):
ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಕೂರಿಸಲು 12 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಎಂ8 (8 ಎಂಎಂ ವ್ಯಾಸದ) ಬೋಲ್ಟಿಗೆ ಟ್ಯಾಪಿನಿಂದ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಥ್ರೆಡ್ ಹೊಡೆಯಬೇಕಾಗಿದೆ. ಡ್ರಿಲ್ 6.5 ಸಾಕೆಂದು ಕೆಲವರು, 7 ಬೇಕೆಂದು ಕೆಲವರು ಹೇಳುತ್ತಾರೆ. ಇದರ ಲೆಕ್ಕ ಹೇಗೆಂದು ದಯವಿಟ್ಟು ತಿಳಿಸಿ.

ಉತ್ತರ (ಶಿವಮೊಗ್ಗ):
ಸರ್, ಬೋಲ್ಟಿನ ವ್ಯಾಸದಿಂದ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗಿರುವ ಅಂತರ) ಕಳೆಯಿರಿ. ಎಂ8ರ ಸಾಮಾನ್ಯ ಪಿಚ್ 1.25 ಆಗಿರುವುದರಿಂದ 6.75 ಬರುತ್ತದೆ, ಅದಕ್ಕೆ ಅಂಗಡಿಯಲ್ಲಿ ಸಿಗುವ 6.8 ಡ್ರಿಲ್ ಸರಿಹೊಂದುತ್ತದೆ. ಆದರೆ ಟ್ಯಾಪಿನ ಮೇಲೆ ಕೆತ್ತಿರುವ ಪಿಚ್ ಓದಿಯೇ ಲೆಕ್ಕ ಹಾಕಬೇಕು, ಏಕೆಂದರೆ ಎಂ10ರಲ್ಲಿ 1.5 ಪಿಚ್ಚಿಗೆ 8.5 ಡ್ರಿಲ್ ಆದರೆ 1.25ರ ಫೈನ್ ಪಿಚ್ಚಿಗೆ 8.8 ಬೇಕಾಗುತ್ತದೆ.

ಉತ್ತರ (ಸಾಗರ):
ಮೇಲೆ ಹೇಳಿದ 6.8 ಹಾಕಿದರೆ ಥ್ರೆಡ್ಡಿನ ಪೂರ್ಣ ಆಳದ ಸುಮಾರು ಶೇ. 74 ದೊರೆಯುತ್ತದೆ. 6.5 ಹಾಕಿದರೆ ಅದು ಶೇ. 92ಕ್ಕೇರಿ, ಹಿಡಿತ ಅಷ್ಟೇನೂ ಹೆಚ್ಚದೆ, ಟ್ಯಾಪ್ ಮುರಿದು ತೂತಿನಲ್ಲೇ ಉಳಿಯುವ ಅಪಾಯ ಮಾತ್ರ ಹೆಚ್ಚುತ್ತದೆ. 7 ಹಾಕಿದರೆ ಶೇ. 62ಕ್ಕೆ ಇಳಿಯುತ್ತದೆ, ಅದುರುವ ಯಂತ್ರಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ 6.9 ಒಳ್ಳೆಯದು.

ಉತ್ತರ (ಶಿವಮೊಗ್ಗ):
ಕಟಿಂಗ್ ಆಯಿಲ್ ಬಿಟ್ಟುಕೊಂಡು, ಒಂದು ಸುತ್ತು ಮುಂದೆ ತಿರುಗಿಸಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಚೂರು ಮುರಿಯಿರಿ. ಮೊದಲ ಎರಡು ಸುತ್ತಿನಲ್ಲೇ ಮೂಲೆಮಟ್ಟ (ಟ್ರೈ ಸ್ಕ್ವೇರ್) ಇಟ್ಟು ಟ್ಯಾಪ್ ನೇರವಾಗಿದೆಯೇ ಎಂದು ನೋಡಿಕೊಳ್ಳಿ.