ಶೇರ್ಡ್ ಮೆಮೊರಿ: ಲ್ಯಾಪ್‌ಟಾಪಲ್ಲಿ ಓಡುತ್ತೆ, ಕಂಟೇನರಲ್ಲಿ ಸರಿಯಾಗಿ 11ನೇ ಫ್ರೇಮಿಗೆ ಬಸ್ ಎರರ್

ಅಡಿಕೆತೋಟ_ಕೋಡರ್

ಎಲ್ರಿಗೂ ನಮಸ್ಕಾರ. ಸಾಗರದ ಹತ್ರ ನಮ್ದು ಅಡಿಕೆ ತೋಟ, ಬೆಲ್ಟ್ ಮೇಲೆ ಹೋಗೋ ಅಡಿಕೆನ ಕ್ಯಾಮೆರಾದಲ್ಲಿ ನೋಡಿ ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಮಾಡೋ ಮಷಿನ್ ನನ್ನ ಫೈನಲ್ ಇಯರ್ ಪ್ರಾಜೆಕ್ಟು. ಬೆಲ್ಟು ಮೋಟರು ಎಲ್ಲ ಕೂತಿದೆ, ಸಾಫ್ಟ್‌ವೇರಲ್ಲಿ ಸಿಕ್ಕಾಕೊಂಡು ನಾಲ್ಕು ದಿನ ಆಯ್ತು.

ಲಿನಕ್ಸು, ಸಿ ಭಾಷೆ. ಮೂರು ಪ್ರೊಸೆಸ್ ಇದೆ. ಒಂದು ಕ್ಯಾಮೆರಾದಿಂದ ಫ್ರೇಮ್ (ಒಂದು ಚಿತ್ರ) ತಗೊಂಡು ಶೇರ್ಡ್ ಮೆಮೊರಿಗೆ, ಅಂದ್ರೆ ಮೂರೂ ಪ್ರೊಸೆಸ್ ಹಂಚ್ಕೊಳೋ ಮೆಮೊರಿಗೆ ಬರೆಯುತ್ತೆ, ಇನ್ನೊಂದು ಅದನ್ನ ಓದಿ ಗ್ರೇಡ್ ಹೇಳುತ್ತೆ, ಮೂರನೇದು ಸ್ಕ್ರೀನ್ ಮೇಲೆ ತೋರಿಸುತ್ತೆ. ಫ್ರೇಮ್ 1920 x 1080, ಪಿಕ್ಸೆಲಿಗೆ 3 ಬೈಟ್, ಸೆಕೆಂಡಿಗೆ 30. ಒಟ್ಟು 16 ಫ್ರೇಮಿನ ರಿಂಗ್ ಬಫರ್ (ಕೊನೆ ಮುಟ್ಟಿದ್ರೆ ಮತ್ತೆ ಮೊದಲಿಂದ ಬರೆಯೋ ಜಾಗ), ಮುಂದ್ಗಡೆ ಲೆಕ್ಕ ಬರ್ಕೊಳೋಕೆ ಒಂದು ಪೇಜ್ (4,096 ಬೈಟ್) ಹೆಡರ್. ಶೇರ್ಡ್ ಮೆಮೊರಿ ತೆರೆಯೋ ಎಸ್‌ಎಚ್‌ಎಂ ಓಪನ್, ಅದರ ಉದ್ದ ಹೇಳೋ ಎಫ್‌ಟ್ರಂಕೇಟ್, ಅದನ್ನ ಪ್ರೊಸೆಸ್ಸಿನ ವಿಳಾಸಕ್ಕೆ ಜೋಡಿಸೋ ಎಂಮ್ಯಾಪ್ ಮೂರೂ ಸಕ್ಸೆಸ್ ಅಂತಾನೇ ವಾಪಸ್ ಬರ್ತಿದೆ, ರಿಟರ್ನ್ ವ್ಯಾಲ್ಯೂ ಎಲ್ಲಾನೂ ಚೆಕ್ ಮಾಡಿದೀನಿ.

ತೊಂದರೆ ಏನಂದ್ರೆ, ಮೊದಲು ಒಂದೇ ಪ್ರೋಗ್ರಾಮಲ್ಲಿ ಫೋರ್ಕ್ (ಪ್ರೊಸೆಸ್ ತನ್ನದೇ ನಕಲು ಹುಟ್ಟಿಸೋದು) ಮಾಡ್ತಿದ್ದೆ ಆಗ ಎಲ್ಲ ಚೆನ್ನಾಗಿತ್ತು, ಈಗ ಮೂರೂ ಬೇರೆ ಬೇರೆ ಪ್ರೋಗ್ರಾಂ ಮಾಡಿದ ಮೇಲೆ ಓದೋ ಪ್ರೊಸೆಸ್ ಹೆಡರಲ್ಲಿರೋ 'ಈಗಿನ ಫ್ರೇಮ್' ಪಾಯಿಂಟರ್ ಮುಟ್ಟಿದ ತಕ್ಷಣ ಸೆಗ್‌ಫಾಲ್ಟ್ (ತನಗಿಲ್ಲದ ವಿಳಾಸ ಮುಟ್ಟಿ ಸಾಯೋದು). ಎರಡನೇದು, ಡಾಕರ್ ಕಂಟೇನರ್ (ಪ್ರೋಗ್ರಾಮನ್ನ ಉಳಿದ ಸಿಸ್ಟಮಿಂದ ಬೇರೆ ಇಟ್ಟು ಓಡಿಸೋ ಡಬ್ಬಿ) ಒಳಗೆ ಹಾಕಿದ್ರೆ ಬರೆಯೋ ಪ್ರೊಸೆಸ್ಸೇ ಬಸ್ ಎರರ್ ಅಂತ ಸಾಯುತ್ತೆ, ಅದೂ ಯಾವಾಗ ಓಡಿಸಿದ್ರೂ 11ನೇ ಫ್ರೇಮಿಗೇ, ಒಂದು ಹಿಂದೆ ಇಲ್ಲ ಒಂದು ಮುಂದೆ ಇಲ್ಲ. ಮೂರನೇದು, ಸ್ಕ್ರೀನ್ ಪ್ರೊಸೆಸ್‌ನ ಕಿಲ್ ಮೈನಸ್ 9 ಮಾಡಿ ಬಲವಂತವಾಗಿ ಸಾಯಿಸಿದ್ರೆ ಕೆಲವು ಸಲ ಉಳಿದ ಎರಡೂ ನಿಂತುಬಿಡುತ್ತೆ, ಎಷ್ಟೊತ್ತು ಕಾದ್ರೂ ಏಳಲ್ಲ. ಜೊತೆಗೆ ಪ್ರೊಸೆಸ್ಸುಗಳ ಮೆಮೊರಿ ತೋರಿಸೋ ಟಾಪ್‌ನಲ್ಲಿ ನೋಡಿದ್ರೆ ಮೂರರ ಮುಂದೆನೂ 95 ಎಂಬಿ ಮೇಲೇ ತೋರಿಸ್ತಿದೆ, ಹಾಗಾದ್ರೆ ಇದು ನಿಜವಾಗ್ಲೂ ಶೇರ್ ಆಗ್ತಿದ್ಯಾ ಇಲ್ಲಾ ಕರ್ನಲ್ (ಲಿನಕ್ಸಿನ ತಿರುಳು) ಮೂರು ಕಾಪಿ ಇಟ್ಟಿದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ, ಹೆಂಗೋ ಓಡಿದ್ರೆ ಸಾಕು ಅಂತಲ್ಲ, ಯಾಕೆ ಹೀಗಾಗುತ್ತೆ ಅಂತ ತಿಳ್ಕೋಬೇಕು.


ಪೇಜ್‌ಟೇಬಲ್_ಪುಟ್ಟಣ್ಣ

ಒಳ್ಳೆ ಪ್ರಶ್ನೆ, 11ನೇ ಫ್ರೇಮ್ ಅಂತ ಎಣಿಸಿ ಬರೆದಿದ್ದು ಇನ್ನೂ ಒಳ್ಳೇದಾಯ್ತು, ಉತ್ತರ ಅದರಲ್ಲೇ ಇದೆ.

ಒಂದು ಫ್ರೇಮ್ ಅಂದ್ರೆ 62,20,800 ಬೈಟ್. ಡಾಕರ್ ಕಂಟೇನರಿಗೆ ಶೇರ್ಡ್ ಮೆಮೊರಿ ಫೈಲುಗಳು ಕೂರೋ ಡೆವ್ ಎಸ್‌ಎಚ್‌ಎಂ ಡೈರೆಕ್ಟರಿಲಿ ಡೀಫಾಲ್ಟಾಗಿ ಕೊಡೋದು 64 ಎಂಬಿ, ಅಂದ್ರೆ 6,71,08,864 ಬೈಟ್. ಭಾಗಿಸಿ ನೋಡಿ, ಹತ್ತು ಫ್ರೇಮ್ ಪೂರ್ತಿ ಹಿಡಿಯುತ್ತೆ, ನಿಮ್ಮ ಹೆಡರ್ ಪೇಜ್ ಕಳೆದು ಉಳಿಯೋದು 48,96,768 ಬೈಟ್, ಒಂದು ಸಾಲಿಗೆ 5,760 ಬೈಟ್ ಲೆಕ್ಕದಲ್ಲಿ 11ನೇ ಫ್ರೇಮಿನ ಹೆಚ್ಚುಕಮ್ಮಿ 850ನೇ ಸಾಲಿಗೆ ಜಾಗ ಮುಗೀತು. ನಿಮಗೆ ಬೇಕಿದ್ದಿದ್ದು 95 ಎಂಬಿ. ಲ್ಯಾಪ್‌ಟಾಪಲ್ಲಿ ಅದೇ ಡೈರೆಕ್ಟರಿ ಸಾಮಾನ್ಯವಾಗಿ ರ‍್ಯಾಮಿನ ಅರ್ಧದಷ್ಟು ಇರುತ್ತೆ, ಅದಕ್ಕೇ ಅಲ್ಲಿ ಗೊತ್ತೇ ಆಗಲಿಲ್ಲ.

ಹಾಗಾದ್ರೆ ಎಫ್‌ಟ್ರಂಕೇಟ್ ಯಾಕೆ ಎರರ್ ಕೊಡ್ಲಿಲ್ಲ ಅಂತ ಕೇಳ್ತೀರ. ಎಫ್‌ಟ್ರಂಕೇಟ್ ಬರೀ ಫೈಲಿನ ಉದ್ದ ಬರ್ಕೊಳುತ್ತೆ ಅಷ್ಟೇ, ಒಂದು ಪೇಜನ್ನೂ ತೆಗೆದಿಡಲ್ಲ. ಎಂಮ್ಯಾಪ್ ಕೂಡ ಅಷ್ಟೇ, ಈ ವಿಳಾಸದಿಂದ ಈ ವಿಳಾಸದವರೆಗೆ ಈ ಫೈಲು ಅಂತ ಒಂದು ನಮೂದು ಹಾಕಿ ಸುಮ್ಮನಾಗುತ್ತೆ. ನೀವು ಮೊದಲ ಸಲ ಅಲ್ಲಿ ಒಂದು ಬೈಟ್ ಬರೆದಾಗ ಪೇಜ್ ಫಾಲ್ಟ್ ಆಗಿ, ಆಗಷ್ಟೇ ಕರ್ನಲ್ 4,096 ಬೈಟಿನ ಒಂದು ಪೇಜ್ ಹುಡುಕಿ ಜೋಡಿಸುತ್ತೆ. ಆ ಹೊತ್ತಿಗೆ ಟಿಎಂಪಿಎಫ್‌ಎಸ್‌ನ (ಡೆವ್ ಎಸ್‌ಎಚ್‌ಎಂ ಹಿಂದಿರೋ, ಮೆಮೊರಿಲೇ ಇರೋ ಫೈಲ್ ಸಿಸ್ಟಂ) ಮಿತಿ ಮುಗಿದಿದ್ರೆ? ನೀವಿರೋದು ಮೆಮ್‌ಕಾಪಿ (ಬೈಟ್ ನಕಲು ಮಾಡೋದು) ಮಧ್ಯದಲ್ಲಿ, ಎರರ್ ಕೋಡ್ ವಾಪಸ್ ಕೊಡೋಕೆ ಅಲ್ಲಿ ಯಾವ ಸಿಸ್ಟಂ ಕಾಲೂ ನಡೀತಿಲ್ಲ, ಹಾಗಾಗಿ ಸಿಗ್ನಲ್ಲೇ ಕಳಿಸ್ಬೇಕು, ಅದೇ ನಿಮ್ಮ ಬಸ್ ಎರರ್. ಎಫ್‌ಟ್ರಂಕೇಟ್ ಆದ್ಮೇಲೆ ಪಾಸಿಕ್ಸ್ ಫಾಲೊಕೇಟ್ ಕರೀರಿ, ಅದು ಪೇಜ್‌ಗಳನ್ನ ಅಲ್ಲೇ ತೆಗೆದಿಡುತ್ತೆ, ಜಾಗ ಇಲ್ಲಾಂದ್ರೆ ಮರ್ಯಾದೆಯಾಗಿ ಎರರ್ ಕೊಡುತ್ತೆ. ಕಂಟೇನರಿಗೆ ಎಸ್‌ಎಚ್‌ಎಂ ಸೈಜ್ ಆಪ್ಷನ್ ಹಾಕಿ 256 ಎಂಬಿ ಕೊಡಿ. ಮಷಿನ್ ಲರ್ನಿಂಗಿಗೆ ಬಳಸೋ ಪೈಟಾರ್ಚ್‌ನ ಡೇಟಾ ಲೋಡರ್ ಕಂಟೇನರಲ್ಲಿ ಬಸ್ ಎರರ್ ಕೊಡೋದೂ ಬಹಳ ಸಲ ಇದೇ ಕಾರಣಕ್ಕೆ.

ಈಗ ಪಾಯಿಂಟರ್. ಶೇರ್ ಆಗೋದು ಭೌತಿಕ ಪೇಜು, ವಿಳಾಸ ಅಲ್ಲ. ಪ್ರತಿ ಪ್ರೊಸೆಸ್ಸಿಗೂ ಅದರದ್ದೇ ಪೇಜ್ ಟೇಬಲ್ ಇರುತ್ತೆ. ಒಂದೇ ಕೆರೆಗೆ ಮೂರು ಊರಿಂದ ದಾರಿ ಇದ್ದ ಹಾಗೆ, ನೀರು ಒಂದೇ, ಆದ್ರೆ 'ನಮ್ಮನೆಯಿಂದ ಬಲಕ್ಕೆ ತಿರುಗಿ' ಅಂತ ನಿಮ್ಮೂರಲ್ಲಿ ನಿಂತು ಹೇಳಿದ್ದು ಪಕ್ಕದೂರಿನವನಿಗೆ ಉಪಯೋಗ ಇಲ್ಲ. ಫೋರ್ಕ್ ಮಾಡ್ತಿದ್ದಾಗ ಮಗು ಪ್ರೊಸೆಸ್ಸಿಗೆ ಅಪ್ಪನ ವಿಳಾಸಗಳೇ ಹಾಗ್ಹಾಗೇ ಬರುತ್ತೆ, ಅದಕ್ಕೆ ನಿಮ್ಮ ಪಾಯಿಂಟರ್ ನಡೀತಿತ್ತು. ಬೇರೆ ಪ್ರೋಗ್ರಾಂ ಆದ ಮೇಲೆ ಎಂಮ್ಯಾಪ್ ಎಲ್ಲಿ ಕೂರಿಸುತ್ತೋ ಅಲ್ಲಿ, ಅದರ ಮೇಲೆ ವಿಳಾಸಗಳನ್ನ ಪ್ರತಿ ಸಲ ಕದಡೋ ವ್ಯವಸ್ಥೆ ಬೇರೆ ಇದೆ. ಹೆಡರಲ್ಲಿ ಪಾಯಿಂಟರ್ ಇಡಲೇಬೇಡಿ, ಶುರುವಿಂದ ಎಷ್ಟು ಬೈಟ್ ದೂರ ಅನ್ನೋ ಆಫ್‌ಸೆಟ್ ಇಡಿ, ನಿಮಗಾದ್ರೆ 0 ಇಂದ 15ರವರೆಗಿನ ಇಂಡೆಕ್ಸ್ ಸಾಕು.

ಟಾಪ್ ನೋಡಿ ಗಾಬರಿ ಬೇಡ. ಅದು ತೋರಿಸೋ ಆರ್‌ಇಎಸ್ ಲೆಕ್ಕದಲ್ಲಿ ಹಂಚಿಕೊಂಡ ಪೇಜೂ ಮೂವರ ಹೆಸರಲ್ಲೂ ಪೂರ್ತಿ ಬರುತ್ತೆ. ಪ್ರಾಕ್ ಡೈರೆಕ್ಟರಿ ಒಳಗೆ ಆ ಪ್ರೊಸೆಸ್ಸಿನ ಐಡಿ, ಅದರೊಳಗೆ ಎಸ್‌ಮ್ಯಾಪ್ಸ್ ರೋಲಪ್ ಅಂತ ಫೈಲ್ ಇದೆ, ಅದರಲ್ಲಿ ಪಿಎಸ್‌ಎಸ್ ಸಾಲು ನೋಡಿ, ಅಲ್ಲಿ ಪ್ರತಿ ಪೇಜನ್ನೂ ಎಷ್ಟು ಜನ ಹಂಚ್ಕೊಂಡಿದಾರೋ ಅಷ್ಟರಿಂದ ಭಾಗಿಸಿರುತ್ತೆ. ಈ ಬಫರಿನ ಪಾಲು ಒಬ್ಬೊಬ್ಬರಿಗೆ 32 ಎಂಬಿ ಹತ್ರ ಬರ್ಬೇಕು.


ಸರಳ_ಸಾಕೆಟ್

ನಡುವೆ ಬಾಯಿ ಹಾಕ್ತಿದೀನಿ. ಇಷ್ಟೆಲ್ಲ ತಾಪತ್ರಯ ಯಾಕೆ, ಪೈಪ್ ಅಥವಾ ಯೂನಿಕ್ಸ್ ಸಾಕೆಟಲ್ಲಿ (ಪ್ರೊಸೆಸ್ಸಿಂದ ಪ್ರೊಸೆಸ್ಸಿಗೆ ಡೇಟಾ ಕಳಿಸೋ ದಾರಿಗಳು) ಫ್ರೇಮ್ ಕಳಿಸಿದ್ರೆ ಲಾಕು ಪಾಯಿಂಟರು ಯಾವ್ದೂ ಬೇಡ, ಪ್ರೊಸೆಸ್ ಸತ್ರೆ ಆ ಕಡೆ ಗೊತ್ತಾಗುತ್ತೆ. ನಾನು ಮೊದಲು ಹಾಗೆ ಮಾಡಿ ಅಳತೆ ಹಿಡಿದು ನೋಡು ಅಂತೀನಿ.


ಪೇಜ್‌ಟೇಬಲ್_ಪುಟ್ಟಣ್ಣ

ಚಿಕ್ಕ ಮೆಸೇಜಿಗೆ ನೀವು ಹೇಳಿದ್ದೇ ಸರಿ, ನಾನೂ ಅದನ್ನೇ ಹೇಳೋದು. ಆದ್ರೆ ಇಲ್ಲಿ ಸೆಕೆಂಡಿಗೆ 186 ಎಂಬಿ ಮೇಲೆ ಹರೀತಿದೆ, ಪೈಪಲ್ಲಿ ಅದು ಕರ್ನಲ್ ಒಳಗೆ ಒಂದು ಸಲ ಕಾಪಿ, ಹೊರಗೆ ಒಂದು ಸಲ ಕಾಪಿ, ಓದೋರು ಇಬ್ಬರು ಅಂದ್ರೆ ಅದರ ಎರಡರಷ್ಟು. ಪೈಪಿನ ಡೀಫಾಲ್ಟ್ ಹೊಟ್ಟೆ 65,536 ಬೈಟು, ಒಂದು ಫ್ರೇಮಿಗೆ 95 ಸಲ ತುಂಬಿ ಖಾಲಿ ಆಗ್ಬೇಕು. ದೊಡ್ಡ ಮಷಿನಲ್ಲಿ ಅದೂ ನಡೆದುಹೋಗುತ್ತೆ, ಸಣ್ಣ ಬೋರ್ಡಲ್ಲಿ ಗ್ರೇಡಿಂಗಿಗೆ ಸಿಗಬೇಕಾದ ಸಿಪಿಯು ಕಾಪಿಗೇ ಹೋಗುತ್ತೆ. ಫ್ರೇಮ್ ಶೇರ್ಡ್ ಮೆಮೊರಿಲಿ ಇಟ್ಟು 'ಇಂಡೆಕ್ಸ್ 7 ರೆಡಿ' ಅನ್ನೋ ಸುದ್ದಿನ ಮಾತ್ರ ಸಾಕೆಟಲ್ಲಿ ಕಳಿಸೋದು ನನಗೆ ಇಷ್ಟವಾದ ದಾರಿ.


ಧಾರವಾಡ_ಡೀಬಗ್

ತಮ್ಮಾ, ಮೂರನೇದಕ್ಕ ನಾ ಹೇಳ್ತೀನಿ, ಇದs ಕಾಟ ನಾ ಒಂದು ರಾತ್ರಿ ಪೂರ್ತಿ ಅನುಭವಿಸೀನಿ. ನಿನ್ನ ಹೆಡರ್‌ದಾಗ ಒಂದು ಮ್ಯೂಟೆಕ್ಸ್, ಅಂದ್ರ ಒಮ್ಮೆಗೆ ಒಬ್ಬನs ಹಿಡಿಯೋ ಲಾಕ್, ಐತಿ ಹೌದಲ್ಲೋ? ಸ್ಕ್ರೀನ್ ಪ್ರೊಸೆಸ್ ಅದನ್ನ ಹಿಡಕೊಂಡಾಗ ನೀ ಕಿಲ್ ಮೈನಸ್ 9 ಹೊಡದಿ, ಅದು ಬಿಡಾಕ ಪುರಸತ್ತs ಇಲ್ಲದ ಸತ್ತು ಹೋತು. ಲಾಕ್ ಅಂದ್ರ ಆ ಮೆಮೊರಿ ಒಳಗಿನ ಒಂದು ನಂಬರ್ ಅಷ್ಟs, ಪ್ರೊಸೆಸ್ ಸತ್ರೂ ಮೆಮೊರಿ ಇರ್ತದ, ನಂಬರೂ ಇರ್ತದ, ಉಳಿದಾವರು ಕಾಯ್ಕೋತ ಕುಂಡ್ರತಾರ.

ಮ್ಯೂಟೆಕ್ಸ್ ಮಾಡುಮುಂದ ಎರಡು ಆಟ್ರಿಬ್ಯೂಟ್ ಹಾಕಬೇಕು. ಒಂದು ಪ್ರೊಸೆಸ್ ಶೇರ್ಡ್, ಇದು ಇಲ್ಲಂದ್ರ ಬ್ಯಾರೆ ಪ್ರೊಸೆಸ್ಸಿನ ನಡುವ ಲಾಕ್ ಕೆಲಸ ಮಾಡ್ತದಂತ ಗ್ಯಾರಂಟಿನs ಇಲ್ಲ. ಇನ್ನೊಂದು ರೋಬಸ್ಟ್. ರೋಬಸ್ಟ್ ಹಾಕಿದ್ರ ಪ್ರತಿ ಥ್ರೆಡ್ ತಾ ಹಿಡದಿರೋ ಲಾಕಿನ ಪಟ್ಟಿ ಎಲ್ಲೈತಿ ಅಂತ ಕರ್ನಲ್‌ಗೆ ಮೊದಲs ಹೇಳಿರ್ತದ, ಥ್ರೆಡ್ ಸತ್ತಾಗ ಕರ್ನಲ್ ಆ ಪಟ್ಟಿ ನೋಡಿ ಲಾಕಿನ ಮ್ಯಾಲೆ 'ಮಾಲಕ ಸತ್ತಾನ' ಅಂತ ಗುರುತು ಹಾಕಿ ಕಾಯೋರೊಳಗ ಒಬ್ಬನ್ನ ಎಬ್ಬಸ್ತದ. ಎದ್ದಾಂವಗ ಲಾಕ್ ಸಿಗ್ತದ, ಆದ್ರ ರಿಟರ್ನ್ ವ್ಯಾಲ್ಯೂ ಓನರ್ ಡೆಡ್ ಅಂತ ಬರ್ತದ. ಆವಾಗ ಸುಮ್ಮ ಮುಂದ ಹೋಗಬ್ಯಾಡ. ಸತ್ತಾಂವ ಅರ್ಧಾ ಬರದು ಬಿಟ್ಟಿರಬಹುದು, ಹೆಡರ್ ತಪಾಸ್ ಮಾಡಿ ಸರಿ ಮಾಡಿ, ಮ್ಯೂಟೆಕ್ಸ್ ಕನ್ಸಿಸ್ಟೆಂಟ್ ಅನ್ನೋ ಫಂಕ್ಷನ್ ಕರದು, ಆಮ್ಯಾಲೆ ಬಿಡು. ಅದನ್ನ ಕರಿಯದ ಅನ್‌ಲಾಕ್ ಮಾಡಿದ್ರ ಆ ಮ್ಯೂಟೆಕ್ಸ್ ಮತ್ತ ಯಾರಿಗೂ ಸಿಗೂದಿಲ್ಲ.


ಪೈ_ಪ್ರಯೋಗಶಾಲೆ

ಕೊನೆಗೆ ಇದನ್ನ ರಾಸ್‌ಬೆರಿ ಪೈ ಥರದ ಬೋರ್ಡಿಗೆ ಹಾಕೋ ಯೋಚನೆ ಇದ್ರೆ ಈಗ್ಲೇ ಒಂದು ಕೇಳ್ತೀನಿ, ಇಂಡೆಕ್ಸನ್ನ ಲಾಕ್ ಇಲ್ದೇ ಮಾಮೂಲಿ ಇಂಟ್ ಆಗಿ ಓದ್ತಿದೀರಾ? ಹೌದಾದ್ರೆ ಇಂಟೆಲ್ ಲ್ಯಾಪ್‌ಟಾಪಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಓಡಿ ಆರ್ಮ್ ಮೇಲೆ ಮೊದಲ ದಿನಾನೇ ಕೈ ಕೊಡಬಹುದು. ಎಕ್ಸ್86ನಲ್ಲಿ ಒಂದು ಕೋರ್ ಬರೆದ ಮಾಮೂಲಿ ಸ್ಟೋರ್‌ಗಳು ಬೇರೆ ಕೋರಿಗೆ ಬರೆದ ಕ್ರಮದಲ್ಲೇ ಕಾಣುತ್ತೆ. ಆರ್ಮ್ ಆ ಮಾತು ಕೊಡಲ್ಲ, ಇಂಡೆಕ್ಸ್ ಮೊದಲು ಕಂಡು ಪಿಕ್ಸೆಲ್ ಆಮೇಲೆ ಕಾಣಬಹುದು. ಇಂಡೆಕ್ಸನ್ನ ಅಟಾಮಿಕ್ ಮಾಡಿ, ಬರೆಯುವಾಗ ರಿಲೀಸ್, ಓದುವಾಗ ಅಕ್ವೈರ್ ಹಾಕಿ, ಆಗ ಹೊಸ ಇಂಡೆಕ್ಸ್ ಕಂಡವನಿಗೆ ಅದಕ್ಕೂ ಮೊದಲು ಬರೆದ ಪಿಕ್ಸೆಲೂ ಕಾಣಲೇಬೇಕು. ಕಂಪೈಲರ್ ಹಿಂದೆ ಮುಂದೆ ಮಾಡೋದನ್ನೂ ಇದೇ ತಡೆಯುತ್ತೆ, ಹಾಗಾಗಿ ಲ್ಯಾಪ್‌ಟಾಪಿಗೂ ಬೇಕು.

ಇನ್ನೊಂದು, 16 ಫ್ರೇಮ್ ಅಂದ್ರೆ ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಗ್ರೇಡಿಂಗ್ ಅಷ್ಟು ಹೊತ್ತು ಒಂದೇ ಫ್ರೇಮಲ್ಲಿ ಕೂತ್ರೆ ಬರೆಯೋನು ಸುತ್ತು ಹಾಕಿ ಬಂದು ನೀವು ಓದ್ತಿರೋ ಜಾಗದ ಮೇಲೇ ಬರೀತಾನೆ, ಅಡಿಕೆಯ ಮೇಲಿನ ಅರ್ಧ ಹೊಸ ಫ್ರೇಮು ಕೆಳಗಿನ ಅರ್ಧ ಹಳೇದು. ಪ್ರತಿ ಫ್ರೇಮಿಗೂ ಒಂದು ಕ್ರಮಸಂಖ್ಯೆ ಇಡಿ, ಬರೆಯೋಕೆ ಶುರು ಮಾಡುವಾಗ ಬೆಸ, ಮುಗಿದ ಮೇಲೆ ಸಮ. ಓದೋನು ಮೊದಲೂ ಕೊನೆಗೂ ನೋಡಿ, ಎರಡೂ ಒಂದೇ ಸಮ ಸಂಖ್ಯೆ ಆಗಿದ್ರೆ ಮಾತ್ರ ಆ ಫ್ರೇಮ್ ನಂಬಬೇಕು. ಬ್ಯಾರಿಯರ್ (ಓದೋ ಬರೆಯೋ ಕ್ರಮ ಕಾಯೋ ಸೂಚನೆ) ಸರಿಯಾಗಿ ಹಾಕೋದು ಇಲ್ಲೂ ಬೇಕು. ಇದು ಕರ್ನಲ್ ತಾನೇ ಬಳಸೋ ಉಪಾಯ. ಗಡಿಯಾರ ಓದೋಕೆ ನಿಮ್ಮ ಪ್ರೋಗ್ರಾಂ ಸಾಮಾನ್ಯವಾಗಿ ಕರ್ನಲ್ ಒಳಗೆ ಹೋಗೋದೇ ಇಲ್ಲ, ಸಮಯದ ಮಾಹಿತಿ ಇರೋ ಪೇಜನ್ನ ಕರ್ನಲ್ ಎಲ್ಲ ಪ್ರೊಸೆಸ್ಸಿಗೂ ಓದೋಕೆ ಮಾತ್ರ ಅಂತ ಮ್ಯಾಪ್ ಮಾಡಿಕೊಟ್ಟಿರುತ್ತೆ, ಓದೋ ಮಧ್ಯೆ ಅದು ಬದಲಾಯ್ತಾ ಅಂತ ಹೀಗೇ ಒಂದು ಸಂಖ್ಯೆ ನೋಡಿ ತಿಳಿಯೋದು. ನಾನು ಇದನ್ನ ಮೊದಲು ಓದಿದ ದಿನ ತುಂಬ ಖುಷಿ ಆಗಿತ್ತು, ಇಡೀ ಸಿಸ್ಟಂ ಒಂದು ಪೇಜ್ ಹಂಚ್ಕೊಂಡು ಟೈಮ್ ನೋಡ್ತಿದೆ.


ಅಡಿಕೆತೋಟ_ಕೋಡರ್

ಎಲ್ರಿಗೂ ತುಂಬ ಥ್ಯಾಂಕ್ಸ್. ಮೊದಲು ಕಂಟೇನರಲ್ಲಿ ಜಾಗ ಎಷ್ಟಿದೆ ಅಂತ ತೋರಿಸೋ ಡಿಎಫ್ ಹೊಡೆದೆ, ಸರಿಯಾಗಿ 64 ಎಂಬಿ, 100 ಪರ್ಸೆಂಟ್ ಯೂಸ್ಡ್ ಅಂತ ಇತ್ತು. ಫಾಲೊಕೇಟ್ ಹಾಕಿದ ಮೇಲೆ ಜಾಗ ಇಲ್ಲ ಅಂತ ಶುರುವಲ್ಲೇ ಹೇಳ್ತು, 256 ಕೊಟ್ಟೆ, ಈಗ ಬಸ್ ಎರರ್ ಇಲ್ಲ. ಪಾಯಿಂಟರ್ ತೆಗೆದು ಇಂಡೆಕ್ಸ್ ಮಾಡಿದೆ, ಪಿಎಸ್‌ಎಸ್ ನೋಡಿದ್ರೆ ಪುಟ್ಟಣ್ಣ ಹೇಳಿದ ಲೆಕ್ಕಕ್ಕೇ ಬಂತು. ಅರ್ಧ ಹೊಸದು ಅರ್ಧ ಹಳೇದಾದ ಹರಿದ ಫ್ರೇಮ್ ನಿಜವಾಗ್ಲೂ ಇತ್ತು, ನಾನು ಕ್ಯಾಮೆರಾದ್ದೇ ದೋಷ ಅಂತ ಲೆನ್ಸ್ ಒರೆಸ್ತಾ ಇದ್ದೆ.

ಆದ್ರೆ ರೋಬಸ್ಟ್ ಹಾಕಿದ ಮೇಲೂ ಮೊದಲ ಸಲ ಓಡಿಸಿದಾಗ ಮತ್ತೆ ನಿಂತುಬಿಡ್ತು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿ ಹೋಯ್ತು. ಯಾಕಿರಬಹುದು?


ಧಾರವಾಡ_ಡೀಬಗ್

ಡೆವ್ ಎಸ್‌ಎಚ್‌ಎಂ ಒಳಗ ನಿನ್ನ ಹಳೇ ಫೈಲ್ ಹಂಗs ಕುಂತಿತ್ತು. ಹೆಸರಿಟ್ಟು ಮಾಡಿದ ಶೇರ್ಡ್ ಮೆಮೊರಿ ಪ್ರೊಸೆಸ್ ಎಲ್ಲಾ ಸತ್ರೂ ಹೋಗೂದಿಲ್ಲ, ಅನ್‌ಲಿಂಕ್ ಮಾಡಿ ಆ ಹೆಸರು ಅಳಸಬೇಕು, ಇಲ್ಲಾ ರೀಬೂಟ್ ಆಗಬೇಕು. ಹೊಸಾ ಪ್ರೋಗ್ರಾಂ ಹಳೇ ಹೆಡರ್ ತಗದು ಅದರಾಗಿನ ಹಳೇ ಮ್ಯೂಟೆಕ್ಸs ಬಳಸಾಕತ್ತಿತ್ತು, ಅದು ರೋಬಸ್ಟ್ ಇರಲಿಲ್ಲ. ಬರಿಯೋ ಪ್ರೊಸೆಸ್ ಶುರು ಆದಾಗ ಮೊದಲು ಅನ್‌ಲಿಂಕ್ ಮಾಡಿ, ಆಮ್ಯಾಲೆ ಎಕ್ಸ್‌ಕ್ಲೂಸಿವ್ ಫ್ಲ್ಯಾಗ್ ಹಾಕಿ ಹೊಸದಾಗಿ ಕ್ರಿಯೇಟ್ ಮಾಡು. ಮ್ಯೂಟೆಕ್ಸ್ ತಯಾರಾದ ಮ್ಯಾಲೆನs ಹೆಡರ್‌ದಾಗ ಒಂದು ವರ್ಷನ್ ನಂಬರ್ ಬರಿ, ಓದೋರು ಅದು ಬರೋತನಕಾ ಕಾಯಲಿ.


ಪೇಜ್‌ಟೇಬಲ್_ಪುಟ್ಟಣ್ಣ

ಇದಕ್ಕೆ ಇನ್ನೊಂದು ದಾರಿ, ಹೆಸರೇ ಇಡದೆ ಮೆಮ್‌ಎಫ್‌ಡಿ ಕ್ರಿಯೇಟ್ ಬಳಸೋದು, 2014ರಲ್ಲಿ ಲಿನಕ್ಸ್ 3.17ಕ್ಕೆ ಬಂತು. ಸಿಗೋ ಫೈಲ್ ಡಿಸ್ಕ್ರಿಪ್ಟರನ್ನ (ತೆರೆದ ಫೈಲಿನ ಗುರುತಿನ ನಂಬರ್) ಯೂನಿಕ್ಸ್ ಸಾಕೆಟ್ ಮೇಲೆ ಉಳಿದ ಇಬ್ಬರಿಗೂ ಕಳಿಸಿ. ಕೊನೆಯವನು ಮುಚ್ಚಿ ಮ್ಯಾಪ್ ಬಿಟ್ಟ ತಕ್ಷಣ ಮೆಮೊರಿ ತಾನಾಗೇ ಹೋಗುತ್ತೆ, ಹಳೇ ಫೈಲಿನ ಕಾಟ ಇಲ್ಲ. ಡೆವ್ ಎಸ್‌ಎಚ್‌ಎಂನ 64 ಎಂಬಿ ಮಿತಿನೂ ಇದಕ್ಕೆ ತಾಗಲ್ಲ, ಕಂಟೇನರಿನ ಒಟ್ಟು ಮೆಮೊರಿ ಮಿತಿ ಮಾತ್ರ ತಾಗುತ್ತೆ. ಜೊತೆಗೆ ಶ್ರಿಂಕ್ ಸೀಲ್ ಹಾಕಿದ್ರೆ ಬೇರೆ ಯಾರೂ ಆ ಫೈಲನ್ನ ಮೊಟಕು ಮಾಡಿ ನಿಮಗೆ ಬಸ್ ಎರರ್ ಬರಿಸೋಕಾಗಲ್ಲ. ಸುದ್ದಿ ಕಳಿಸೋಕೆ ಸಾಕೆಟ್ ಹೇಗೂ ಇಡೋದಾದ್ರೆ ಅದರಲ್ಲೇ ಇದೂ ಆಗುತ್ತೆ.